ಒಂದು ಸ್ಕ್ವೇರ್ ರೂಟ್, ಮೂರು ದಿನ

ಮೂರು ದಿನದಿಂದ ಒಂದು ನ್ಯಾನ್ (ಲೆಕ್ಕ ಕೆಟ್ಟಾಗ ಕಂಪ್ಯೂಟರ್ ಉತ್ತರದ ಬದಲು ಕೊಡೋ ‘ಇದು ನಂಬರೇ ಅಲ್ಲ’ ಅನ್ನೋ ಗುರುತು) ಹಿಂದೆ ಬಿದ್ದಿದ್ದೆ, ನಿನ್ನೆ ರಾತ್ರಿ ಸಿಕ್ತು. ಬರೆದಿಡ್ತೀನಿ, ಇಲ್ಲಾಂದ್ರೆ ಆರು ತಿಂಗಳಾದ್ಮೇಲೆ ನಾನೇ ಮತ್ತೆ ಇದೇ ಗುಂಡಿಗೆ ಬೀಳ್ತೀನಿ.

ನಂದು ಪೈಥಾನ್‌ನಲ್ಲಿ ಜಾಕ್ಸ್ (ಡೆರಿವೇಟಿವ್ ತಾನೇ ಲೆಕ್ಕ ಹಾಕಿ ಕೊಡೋ ಲೈಬ್ರರಿ) ಹಾಕಿ ಬರೆದ ಒಂದು ಪುಟ್ಟ ಸಮುದ್ರದ ಮಾಡೆಲ್, ಅದರ ಅಡ್ಜಾಯಿಂಟ್ ಬೇಕಿತ್ತು. ಅಡ್ಜಾಯಿಂಟ್ ಅಂದ್ರೇನು ಅಂತ ಮನೇಲಿ ಕೇಳಿದ್ರೆ ನಾನು ಮದುವೆ ಮನೆ ಸಾರಿನ ಕಥೆ ಹೇಳ್ತೀನಿ. ಸಾರು ಉಪ್ಪಾಗಿದೆ, ಐವತ್ತು ಜನ ಕೈ ಹಾಕಿದ್ದಾರೆ, ಯಾರ ಪಾಲೆಷ್ಟು? ಒಬ್ಬೊಬ್ಬರ ಚಿಟಿಕೆ ಬದಲಾಯಿಸ್ಕೊಂಡು ಐವತ್ತು ಸಲ ಸಾರು ಕುದಿಸಬಹುದು, ಇಲ್ಲಾ ಬಡಿಸಿದ ಎಲೆಯಿಂದ ಒಂದೇ ಸಲ ಹಿಂದಕ್ಕೆ ಹೋಗಿ ಎಲ್ಲರ ಲೆಕ್ಕ ತೆಗೀಬಹುದು. ಸಮುದ್ರದಲ್ಲಿ ಆ ಐವತ್ತು ಅನ್ನೋದು ಲಕ್ಷ, ಕೋಟಿ ಆಗುತ್ತೆ, ಸಮುದ್ರವನ್ನ ಚೌಕ ಚೌಕ ಮಾಡಿದ ಪ್ರತಿ ಗ್ರಿಡ್ ಪಾಯಿಂಟಿನ ಮೊದಲ ದಿನದ ಟೆಂಪರೇಚರ್, ಉಪ್ಪು, ಮೇಲೆ ಬೀಸೋ ಗಾಳಿ ಎಲ್ಲಾ ಸೇರಿ.

ಈ ಹಿಂದಕ್ಕೆ ಹೋಗೋ ಕೋಡನ್ನ ಕೈಯಲ್ಲೇ ಬರೆದವರಿದ್ದಾರೆ, ರಾಮ್ಸ್ ಅನ್ನೋ ಸಮುದ್ರದ ಮಾಡೆಲ್‌ದು ಹಂಗೇ. ಎಂಐಟಿಯ ಮಾಡೆಲ್ ಎಂಐಟಿಜಿಸಿಎಂನವರು ಮಾತ್ರ ರಾಲ್ಫ್ ಗೀರಿಂಗ್ ಅವರ ಟೂಲ್ ಹಿಡಿದ್ರು, ಮೊದಲು ಟ್ಯಾಮ್ಕ್, ಆಮೇಲೆ ಟ್ಯಾಫ್, ಅದು ಫೋರ್ಟ್ರಾನ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯ ಕೋಡ್ ಓದಿ ಅಡ್ಜಾಯಿಂಟನ್ನ ಫೋರ್ಟ್ರಾನ್‌ನಲ್ಲೇ ಬರೆದು ಕೊಡುತ್ತೆ. 1999ರಲ್ಲಿ ಸಮುದ್ರ ವಿಜ್ಞಾನಿ ಮರೋಟ್ಸ್ಕೆ ಮತ್ತೆ ಜೊತೆಗಾರರು ಅದರಲ್ಲೇ ಅಟ್ಲಾಂಟಿಕ್ ಹೊತ್ತೊಯ್ಯೋ ಶಾಖಕ್ಕೆ ಯಾವುದರ ಪ್ರಭಾವ ಎಷ್ಟು ಅಂತ ಲೆಕ್ಕ ಹಾಕಿದ್ದು.

ಟೂಲ್ ಇದ್ರೆ ಬಟನ್ ಒತ್ತಿದ್ರಾಯ್ತು ಅನ್ಕೊಂಡಿದ್ದೆ ನಾನೂ, ಆದ್ರೆ ಮೊದಲ ಏಟು ಬೀಳೋದೇ ಮೆಮೊರಿಗೆ. ಹಿಂದಕ್ಕೆ ಬರುವಾಗ ಆಯಾ ಹೊತ್ತಿಗೆ ನೀರಿನ ಹರಿವು ಎಷ್ಟಿತ್ತು ಅಂತ ಬೇಕು, ಮಾಡೆಲ್ ಅದರ ಮೇಲೇ ಹೊಸ ನಂಬರ್ ಬರೆದು ಮುಂದೆ ಹೋಗಿರುತ್ತೆ. ಗಂಟೆಗೊಂದು ಸ್ಟೆಪ್ ಅಂದ್ರೆ 20 ವರ್ಷಕ್ಕೆ ಸುಮಾರು 1,75,000 ಸ್ಟೆಪ್, ಅಷ್ಟನ್ನೂ ಇಟ್ಕೊಳ್ಳೋಕೆ ಯಾವ ಡಿಸ್ಕೂ ಸಾಲಲ್ಲ. ಅದಕ್ಕೆ ಚೆಕ್‌ಪಾಯಿಂಟಿಂಗ್: ಅಲ್ಲಲ್ಲಿ ಮಾತ್ರ ಉಳಿಸ್ಕೊಂಡು ಮಧ್ಯದ್ದನ್ನ ಬೇಕಾದಾಗ ಮತ್ತೆ ಓಡಿಸೋದು. ಮೂರು ಹಂತ ಮಾಡಿ ಒಂದೊಂದರಲ್ಲಿ 56 ಇಟ್ರೆ 56×56×56, ಅಂದ್ರೆ 1,75,616, ಸರಿಹೋಯ್ತಲ್ಲ! ಒಂದು ಹೊತ್ತಿಗೆ ಇಟ್ಕೊಳ್ಳೋದು 168 ಅಷ್ಟೇ, ಬದಲಿಗೆ ಮಾಡೆಲನ್ನ ಹೆಚ್ಚುಕಮ್ಮಿ ಮೂರು ಸಲ ಓಡಿಸಬೇಕು. ಮೊದಲ ಸಲ ಈ ಲೆಕ್ಕ ಪೇಪರ್ ಮೇಲೆ ಹಾಕಿದಾಗ ನಂಗೆ ನಗು ಬಂತು, ಇಷ್ಟು ಸುಲಭಾನಾ ಅಂತ.

ನ್ಯಾನ್ ವಿಷಯಕ್ಕೆ ಬರ್ತೀನಿ. ತಳದ ಘರ್ಷಣೆಗೆ ವೇಗ ಬೇಕು, ಅಂದ್ರೆ ಯು ಸ್ಕ್ವೇರ್ ಪ್ಲಸ್ ವಿ ಸ್ಕ್ವೇರ್, ಅದರ ಸ್ಕ್ವೇರ್ ರೂಟ್ (ಯು, ವಿ ಅಂದ್ರೆ ಎರಡು ದಿಕ್ಕಿನ ವೇಗ). ನೀರಿಲ್ಲದೆ ಬರೀ ನೆಲ ಇರೋ ಪಾಯಿಂಟಲ್ಲಿ ಎರಡೂ ಸೊನ್ನೆ, ಸೊನ್ನೆ ಹತ್ರ ಸ್ಕ್ವೇರ್ ರೂಟಿನ ಡೆರಿವೇಟಿವ್ ಅನಂತ. ಅದು ಗೊತ್ತಿದ್ದೇ ನಾನು ಸುತ್ತ ಒಂದು ವೇರ್ (ಷರತ್ತು ನೋಡಿ ಎರಡರಲ್ಲೊಂದು ಆರಿಸೋ ಫಂಕ್ಷನ್) ಹಾಕಿದ್ದೆ, ನೆಲ ಆದ್ರೆ ಸೊನ್ನೆ ತಗೋ ಅಂತ, ಮುಂದಕ್ಕೆ ಓಡಿಸಿದ್ರೆ ಎಲ್ಲಾ ಚೆನ್ನಾಗಿದೆ, ಗ್ರೇಡಿಯಂಟ್, ಅಂದ್ರೆ ಹಿಂದಕ್ಕೆ ಹೋಗಿ ಒಂದೊಂದರ ಪಾಲು, ತೆಗೆದ್ರೆ ಪೂರ್ತಿ ನ್ಯಾನ್. ವೇರ್ ಆಯ್ಕೆ ಮಾಡೋದು ಉತ್ತರವನ್ನ, ಲೆಕ್ಕ ಎರಡೂ ಕಡೆ ನಡೆದೇ ನಡೆಯುತ್ತೆ. ಹಿಂದಕ್ಕೆ ಬರುವಾಗ ನೆಲದ ಕಡೆಗೆ ಸೊನ್ನೆ ಬರುತ್ತೆ, ಆ ಸೊನ್ನೆಗೆ ಅನಂತ ಗುಣಿಸಿದ್ರೆ ನ್ಯಾನ್, ಅದು ಪಕ್ಕದ ಪಾಯಿಂಟು, ಅದರ ಪಕ್ಕದ್ದು ಅಂತ ಹಬ್ಬಿ ಇಡೀ ಸಮುದ್ರ ನುಂಗಿ ಹಾಕುತ್ತೆ. ಸ್ಕ್ವೇರ್ ರೂಟ್ ಒಳಗೂ ಇನ್ನೊಂದು ವೇರ್ ಹಾಕಿ ನೆಲದಲ್ಲಿ 1 ಕೊಟ್ಟೆ, ಅನಂತವೇ ಬರಲ್ಲ, ಮುಗೀತು. ಫ್ರಾನ್ಸಿನ ಸಂಶೋಧನಾ ಸಂಸ್ಥೆ ಇನ್ರಿಯಾದವರ ಟೇಪನಾಡ್ (ಟ್ಯಾಫ್ ತರದ್ದೇ ಟೂಲ್) ಆಗಿದ್ರೆ ಸ್ಕ್ವೇರ್ ರೂಟಿಗೆ ಸೊನ್ನೆ ಬಂದ್ರೆ ಅಂತ ತಾನೇ ಒಂದು ಇಫ್ ಷರತ್ತು ಬರೆದು ಕೊಡ್ತಿತ್ತು, ಹಳೇ ಟೂಲ್‌ಗಳನ್ನ ಹಗುರವಾಗಿ ತಗೋಬಾರದು.

ಆಮೇಲೆ ಗ್ರೇಡಿಯಂಟ್ ಚೆಕ್, ಒಂದು ಪಾಯಿಂಟನ್ನ ಚೂರು ಅಲ್ಲಾಡಿಸಿ ಉತ್ತರ ಎಷ್ಟು ಬದಲಾಯ್ತು ಅಂತ ನೋಡಿ ಅಡ್ಜಾಯಿಂಟ್ ಜೊತೆ ಹೋಲಿಸೋದು. ಎರಡೇ ಅಂಕಿ ಹೊಂದಿದ್ದು, ಮತ್ತೆ ಎದೆ ಧಸಕ್ ಅಂತು. ನೋಡಿದ್ರೆ ಜಾಕ್ಸ್ ಸುಮ್ನೆ ಬಿಟ್ರೆ 32 ಬಿಟ್‌ನಲ್ಲಿ, ಅಂದ್ರೆ ಕಮ್ಮಿ ನಿಖರತೆಯ ನಂಬರಲ್ಲಿ, ಓಡುತ್ತೆ, 64 ಮಾಡಿದ್ಮೇಲೆ ಏಳು ಅಂಕಿ ಹೊಂದ್ತು. ಇನ್ನು ಪ್ರೆಶರ್ ಸಾಲ್ವರ್ (ನೀರಿನ ಒತ್ತಡದ ಸಮೀಕರಣ ಬಿಡಿಸೋ ಭಾಗ) ಬಾಕಿ ಇದೆ, ಅದರ ಮ್ಯಾಟ್ರಿಕ್ಸ್ ಸಿಮ್ಮೆಟ್ರಿಕ್ (ಸಾಲು-ಕಂಬ ಅದಲುಬದಲು ಮಾಡಿದ್ರೂ ಅದೇ) ಆಗಿರೋದ್ರಿಂದ ಡಿಫರೆನ್ಶಿಯೇಟ್ ಮಾಡೋದೇ ಬೇಡ, ಹಿಂದಕ್ಕೆ ಬರುವಾಗಲೂ ಅದೇ ಸಾಲ್ವರ್ ಕರೆದ್ರೆ ಸಾಕು. ಸೋಮವಾರ ಮಾಡ್ತೀನಿ, ಇವತ್ತು ನಿದ್ದೆ.