ಗೋಡೆಗಳೂ ಆಡುವ ಟೆನಿಸ್: ಮೆಲ್ಬರ್ನ್‌ನಲ್ಲಿ ಕಂಡ ಇನ್ನೊಂದು ಆಸ್ಟ್ರೇಲಿಯನ್ ಓಪನ್

ಫ್ಲಿಂಡರ್ಸ್ ಬೀದಿಯಲ್ಲಿ ಸಾಗುವ 70ನೇ ನಂಬರಿನ ಟ್ರಾಮ್ ಜನವರಿಯಲ್ಲಿ ಕಾಲಿಡಲು ಜಾಗವಿಲ್ಲದಂತೆ ತುಂಬಿರುತ್ತದೆ. ಬಿಸಿಲಿಗೆ ಟೋಪಿ, ಮುಖಕ್ಕೆ ಬಳಿದ ಬಿಳಿಯ ಕ್ರೀಮು, ಹೆಗಲಿಗೆ ನೀರಿನ ಬಾಟಲಿ. ರಾಡ್ ಲೇವರ್ ಅರೀನಾ ನಿಲ್ದಾಣ ಬಂದೊಡನೆ ಅವರೆಲ್ಲ ಒಟ್ಟಿಗೆ ಇಳಿದುಬಿಡುತ್ತಾರೆ. ನಾನೂ ಅಕ್ಕನ ಮಗಳೂ ಇಳಿಯಲಿಲ್ಲ. ಟ್ರಾಮ್ ಸ್ವಾನ್ ಬೀದಿಯ ಕಡೆಗೆ, ರಿಚ್ಮಂಡ್ ಬಡಾವಣೆಗೆ ಹೊರಟಿತು. ನಾವು ನೋಡಲು ಹೊರಟಿದ್ದ ಆಸ್ಟ್ರೇಲಿಯನ್ ಓಪನ್ ಅಲ್ಲಿತ್ತು.

ಹಿಂದಿನ ದಿನ ಎಲ್ಲರಂತೆ ನಾವೂ ಟಿವಿಯಲ್ಲಿ ಕಾಣುವ ಆಸ್ಟ್ರೇಲಿಯನ್ ಓಪನ್ ನಡೆಯುವ ಮೆಲ್ಬರ್ನ್ ಪಾರ್ಕಿಗೆ ಹೋಗಿ ಬಂದಿದ್ದೆವು. ಕನ್ನಡಿಗರಿಗೆ ಆ ಅಂಗಳದ ಮೇಲೆ ಒಂದು ಹಕ್ಕಿದೆ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದದ್ದು ಅಲ್ಲಿಯೇ. ಆ ಕೋರ್ಟಿನ ನೀಲಿ ನೆಲವನ್ನು ಕಣ್ಣಾರೆ ಕಂಡಾಗ ಎದೆ ತುಂಬಿ ಬಂತು. ಆದರೆ ನಾನು ಇಷ್ಟು ದೂರ ಬಂದದ್ದು ರಿಯಲ್ ಟೆನಿಸ್ ನೋಡಲು. ನಾವು ಟಿವಿಯಲ್ಲಿ ನೋಡುವ ಟೆನಿಸ್ ಹುಟ್ಟಿ ಇನ್ನೂ ಒಂದೂವರೆ ಶತಮಾನ. ಅದರ ತಾಯಿಬೇರು ಯುರೋಪಿನ ಮಠಗಳ, ಅರಮನೆಗಳ ಒಳಾಂಗಣದಲ್ಲಿದೆ. ಆ ಹಳೆಯ ಆಟ ಸತ್ತಿಲ್ಲ. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ, ಫ್ರಾನ್ಸ್ ಈ ನಾಲ್ಕು ದೇಶಗಳಲ್ಲಿ ಐವತ್ತರ ಆಸುಪಾಸಿನಷ್ಟು ಕೋರ್ಟುಗಳಲ್ಲಿ ಉಸಿರಾಡುತ್ತಿದೆ. ನಾಲ್ಕೂ ದೇಶಗಳಿಗೆ ಅದರದೇ ಓಪನ್ ಪಂದ್ಯಾವಳಿಗಳಿವೆ, ಪುರುಷರಿಗೂ ಮಹಿಳೆಯರಿಗೂ.

ರಾಯಲ್ ಮೆಲ್ಬರ್ನ್ ಟೆನಿಸ್ ಕ್ಲಬ್ ಇರುವ ಶೆರ್ವುಡ್ ಬೀದಿಯಲ್ಲಿ ಜನರ ಗದ್ದಲವಿಲ್ಲ, ಟಿಕೆಟ್ ಮಾರುವವರಿಲ್ಲ, ಬ್ಯಾಗು ತಪಾಸಣೆಯಿಲ್ಲ. 1882ರಲ್ಲಿ ನಗರದ ನಡುವೆ ಹುಟ್ಟಿದ ಈ ಕ್ಲಬ್ 1970ರ ದಶಕದಲ್ಲಿ ಹಳೆಯ ಜಾಗ ಬಿಟ್ಟು ರಿಚ್ಮಂಡ್‌ಗೆ ಬಂತು. ಈಗ ಒಂದೇ ಸೂರಿನಡಿ ಎರಡು ಕೋರ್ಟುಗಳಿವೆ. ಮೊದಲೇ ಪತ್ರ ಬರೆದು ಕೇಳಿಕೊಂಡಿದ್ದರಿಂದ ಬಾಗಿಲಲ್ಲಿ ನಮ್ಮನ್ನು ಹೆಸರು ಹಿಡಿದು ಕರೆದರು. ಒಳಗೆ ಕಾಲಿಟ್ಟಾಗ ಮೊದಲು ಕಿವಿಗೆ ಬಿದ್ದದ್ದು ಸದ್ದು. ಮರದ ಮಾಡಿನ ಮೇಲೆ ಚೆಂಡು ಉರುಳಿಕೊಂಡು ಬರುವ ಗುಡುಗುಡು, ಆಮೇಲೆ ಗೋಡೆಗೆ ಬಡಿಯುವ ಗಟ್ಟಿ ಪೆಟ್ಟು.

ಕೋರ್ಟಿನ ಮೂರು ಬದಿಗೆ ಗೋಡೆಯಿಂದ ಒಳಕ್ಕೆ ಇಳಿಜಾರಾಗಿ ಚಾಚಿದ ಮಾಡು ಇರುತ್ತದೆ, ಅದಕ್ಕೆ ಪೆಂಟ್‌ಹೌಸ್ ಎನ್ನುತ್ತಾರೆ. ಸರ್ವಿಸ್ ಮಾಡುವವರು ಚೆಂಡನ್ನು ಆ ಮಾಡಿನ ಮೇಲೆ ಹಾಯಿಸಲೇಬೇಕು. ಸರ್ವಿಸ್ ತುದಿಯಿಂದ ನೋಡಿದರೆ ಬಲಗಡೆಯ ಗೋಡೆ ನೇರವಾಗಿಲ್ಲ. ಎದುರು ತುದಿಯ ಹತ್ತಿರ ಓರೆಯಾಗಿ ಒಳಕ್ಕೆ ಉಬ್ಬಿಕೊಂಡಿದೆ, ಟ್ಯಾಂಬೂರ್ ಎಂಬ ಆ ಉಬ್ಬಿಗೆ ತಾಗಿದ ಚೆಂಡು ಯಾರೂ ಎಣಿಸದ ದಿಕ್ಕಿಗೆ ಹಾರುತ್ತದೆ. ಅದರ ಪಕ್ಕದ ಮೂಲೆಯಲ್ಲಿ ಗ್ರಿಲ್ ಎಂಬ ಚೌಕ ಕಿಂಡಿ, ಅದಕ್ಕೆ ಹೊಡೆದರೆ ಪಾಯಿಂಟು. ಸರ್ವಿಸ್ ತುದಿಯ ಗೋಡೆಯಲ್ಲಿ ಡೆಡಾನ್ ಎಂಬ ಅಗಲವಾದ ತೆರಪು, ಅದರೊಳಗೆ ಬಿದ್ದರೂ ಪಾಯಿಂಟು. ನಾವು ಕುಳಿತದ್ದು ಅದರ ಹಿಂದೆಯೇ, ಬಲೆಯೊಂದರ ಮರೆಯಲ್ಲಿ. ಮೊದಲ ಚೆಂಡು ನೇರ ನಮ್ಮ ಮುಖಕ್ಕೆ ಬಂದು ಬಲೆಗೆ ಬಡಿದಾಗ ಅಕ್ಕನ ಮಗಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕಣ್ಣು ಮಿಟುಕಿಸದೆ ಕುಳಿತಿದ್ದರು.

ಎರಡು ಕೋರ್ಟುಗಳು ಅಳತೆಯಲ್ಲಿ ಒಂದೇ ಥರ ಇರುವುದಿಲ್ಲ ಎಂಬುದು ಈ ಆಟದ ದೊಡ್ಡ ಸೊಗಸು. ನೂರಾರು ವರ್ಷಗಳಲ್ಲಿ ಕಟ್ಟಿದವರು ತಮ್ಮ ಜಾಗಕ್ಕೆ ತಕ್ಕಂತೆ ಕಟ್ಟಿದ್ದಾರೆ. ಮಾಡಿನ ಓರೆ, ನೆಲದ ಪುಟಿತ, ಟ್ಯಾಂಬೂರಿನ ಕೋನ ಎಲ್ಲವೂ ಊರಿನಿಂದ ಊರಿಗೆ ಬೇರೆ. ಆದ್ದರಿಂದ ಆಟಗಾರರು ಪಂದ್ಯಕ್ಕೆ ಕೆಲವು ದಿನ ಮೊದಲೇ ಬಂದು ಗೋಡೆಗಳ ಪರಿಚಯ ಮಾಡಿಕೊಳ್ಳುತ್ತಾರೆ.

ಮೊದಲ ಸೆಟ್ಟಿನಲ್ಲಿ ಒಂದು ಚೆಂಡು ಸರ್ವಿಸ್ ಬದಿಯಲ್ಲಿ ಎರಡು ಸಲ ಪುಟಿದು ನಿಂತಿತು. ನಮ್ಮ ಲೆಕ್ಕದಲ್ಲಿ ಪಾಯಿಂಟು ಮುಗಿಯಿತು. ಮಾರ್ಕರ್, ಅಂದರೆ ಅಂಪೈರ್, ಅಂಕ ಬದಲಿಸಲಿಲ್ಲ.

"ಚಿಕ್ಕಮ್ಮ, ಪಾಯಿಂಟು ಯಾರಿಗೆ ಹೋಯಿತು?"

"ಇನ್ನೂ ಯಾರಿಗೂ ಹೋಗಿಲ್ಲ ಪುಟ್ಟಿ. ಅಂಗಡಿಯವರು ಖಾತೆಗೆ ಬರೆದುಕೊಂಡ ಹಾಗೆ ಬರೆದಿಟ್ಟಿದ್ದಾರೆ."

ಇದಕ್ಕೆ ಚೇಸ್ ಎಂದು ಹೆಸರು, ಈ ಆಟದ ಜೀವ ಇರುವುದೇ ಇದರಲ್ಲಿ. ನೆಲದ ಮೇಲೆ ಹಿಂಗೋಡೆಯಿಂದ ಗಜದ ಲೆಕ್ಕದಲ್ಲಿ ಅಳೆದು ಗೆರೆಗಳನ್ನು ಎಳೆದಿರುತ್ತಾರೆ. ಚೆಂಡು ಎರಡನೆಯ ಸಲ ಪುಟಿದದ್ದು ಯಾವ ಗೆರೆಯ ಹತ್ತಿರ ಎಂದು ಮಾರ್ಕರ್ ಕೂಗಿ ಹೇಳುತ್ತಾರೆ. ಎರಡು ಚೇಸ್ ಸೇರಿದಾಗ, ಅಥವಾ ಯಾರಾದರೂ ನಲವತ್ತಕ್ಕೆ ತಲುಪಿದಾಗ ಒಂದೇ ಚೇಸ್ ಇದ್ದರೂ, ಇಬ್ಬರೂ ಬದಿ ಬದಲಿಸುತ್ತಾರೆ. ಆಗ ಬಾಕಿ ತೀರಿಸುವ ಹೊತ್ತು. ಹಿಂದೆ ಚೆಂಡು ಬಿಟ್ಟವರು ಈಗ ಅದಕ್ಕಿಂತ ಹಿಂಗೋಡೆಗೆ ಹತ್ತಿರ ಎರಡನೆಯ ಪುಟಿತ ಬೀಳುವಂತೆ ಹೊಡೆಯಬೇಕು. ಗೆದ್ದರೆ ಪಾಯಿಂಟು ಅವರದು, ಸೋತರೆ ಎದುರಾಳಿಯದು, ಸರಿಸಮ ಬಿದ್ದರೆ ಯಾರಿಗೂ ಇಲ್ಲ. ಸರ್ವಿಸ್ ಯಾವಾಗಲೂ ಒಂದೇ ಬದಿಯಿಂದ. ಎದುರು ಬದಿಯಲ್ಲಿ ಇರುವವರಿಗೆ ಸರ್ವಿಸ್ ಸಿಗಬೇಕಾದರೆ ಚೇಸ್ ಹಾಕಲೇಬೇಕು, ಬೇರೆ ದಾರಿಯಿಲ್ಲ.

ಹೀಗಿರುವುದರಿಂದಲೇ ಬರಿಯ ಬಲಕ್ಕೆ ಇಲ್ಲಿ ಬೆಲೆ ಕಡಿಮೆ ಎಂದು ನನಗೆ ಅನ್ನಿಸುತ್ತದೆ. ಜೋರಾಗಿ ಹೊಡೆದ ಚೆಂಡು ಹಿಂಗೋಡೆಗೆ ಬಡಿದು ಕೋರ್ಟಿನ ನಡುವಿಗೇ ಮರಳಿ ಬರುತ್ತದೆ, ಅದು ಕಳಪೆ ಚೇಸ್. ರ‍್ಯಾಕೆಟ್ಟನ್ನು ಓರೆ ಹಿಡಿದು ಚೆಂಡಿನ ಕೆಳಭಾಗವನ್ನು ಕೊಯ್ದಂತೆ ಹೊಡೆದರೆ ಅದು ಗೋಡೆಗೆ ತಾಗಿ ನೆಲಕ್ಕೆ ಕುಸಿಯುತ್ತದೆ. ರ‍್ಯಾಕೆಟ್ಟಿನ ತಲೆಯೂ ಸಮನಾಗಿಲ್ಲ, ನೆಲದ ಹತ್ತಿರದ ಚೆಂಡನ್ನು ಎತ್ತಲು ಅನುಕೂಲವಾಗುವಂತೆ ಒಂದು ಕಡೆಗೆ ಬಾಗಿದೆ. ಇಂದಿಗೂ ಅದನ್ನು ಮರದಿಂದಲೇ ಮಾಡುತ್ತಾರೆ.

ಎರಡು ಪಂದ್ಯಗಳ ನಡುವೆ ಕ್ಲಬ್ಬಿನ ವೃತ್ತಿಪರ ಆಟಗಾರರೊಬ್ಬರು ನಮ್ಮನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಮೇಜಿನ ಮೇಲೆ ಕಾರ್ಕಿನ ಉಂಡೆ, ಹತ್ತಿಯ ಪಟ್ಟಿ, ದಾರದ ಸುರುಳಿ, ಹಳದಿ ಉಣ್ಣೆಯ ಬಟ್ಟೆ. ಕಾರ್ಕಿನ ಮೇಲೆ ಹತ್ತಿಪಟ್ಟಿಯನ್ನು ಎಳೆದೆಳೆದು ಸುತ್ತಿ, ಬಡಿದು ದುಂಡಗೆ ಮಾಡಿ, ದಾರದಿಂದ ಬಿಗಿದು, ಕೊನೆಗೆ ಬಟ್ಟೆಯ ಎರಡು ತುಂಡುಗಳನ್ನು ಕೈಯಿಂದಲೇ ಹೊಲಿದು ಮುಚ್ಚುತ್ತಾರೆ. ಅವರು ಮಾತನಾಡುತ್ತಲೇ ಬಾಗಿದ ಸೂಜಿಯಿಂದ ಒಂದು ಚೆಂಡಿಗೆ ಹೊಲಿಗೆ ಹಾಕಿದರು, ಪ್ರತಿ ಹೊಲಿಗೆಗೂ ದಾರವನ್ನು ಹೆಬ್ಬೆರಳಿಗೆ ಸುತ್ತಿ ಎಳೆದು ಬಿಗಿ ನೋಡುತ್ತಿದ್ದರು. ಹೆಬ್ಬೆರಳಿನ ಒಳಬದಿಯಲ್ಲಿ ದಾರ ಕೊರೆದ ಗೆರೆಗಳು ಕಾಣುತ್ತಿದ್ದವು. ಚೆಂಡು ಕೈಗೆ ಕೊಟ್ಟಾಗ ಅದರ ತೂಕ ಆಶ್ಚರ್ಯ ಹುಟ್ಟಿಸಿತು. 70 ಗ್ರಾಂಗಿಂತ ಹೆಚ್ಚು, ಒಳಗೆ ಗಾಳಿಯಿಲ್ಲ, ಗಟ್ಟಿ ಉಂಡೆ. ನಾವು ಟಿವಿಯಲ್ಲಿ ನೋಡುವ ಲಾನ್ ಟೆನಿಸ್ಸಿನ ಚೆಂಡು 60 ಗ್ರಾಂ ದಾಟುವುದಿಲ್ಲ. ಜಗತ್ತಿನ ಅಗ್ರ ಆಟಗಾರರಲ್ಲಿ ಬಹುಪಾಲು ಇಂಥ ಕ್ಲಬ್ಬುಗಳಲ್ಲಿ ಪಾಠ ಹೇಳುತ್ತಾ, ಚೆಂಡು ಹೊಲಿಯುತ್ತಾ ಬದುಕುವವರು. ತಮ್ಮ ಕೈಯಾರೆ ಹೊಲಿದ ಚೆಂಡಿನಿಂದಲೇ ಆಡುವ ಚಾಂಪಿಯನ್ನರು ಬೇರೆ ಯಾವ ಆಟದಲ್ಲಿದ್ದಾರೆ?

ಗಾಳಿ ತುಂಬದ ಈ ಚೆಂಡು ಹುಲ್ಲಿನ ಮೇಲೆ ಪುಟಿಯಲಾರದು. ರಬ್ಬರ್ ಚೆಂಡು ಬಂದ ಮೇಲೆಯೇ ಆಟ ಗೋಡೆಯಿಂದಾಚೆಗೆ, ಹುಲ್ಲುಹಾಸಿಗೆ ಜಿಗಿಯಿತು. 1877ರಲ್ಲಿ ಮೊದಲ ವಿಂಬಲ್ಡನ್ ನಡೆದಾಗ ಅಂಕಗಳ ಎಣಿಕೆಯನ್ನು, ಹದಿನೈದು ಮೂವತ್ತು ನಲವತ್ತನ್ನು, ಈ ಹಳೆಯ ಆಟದಿಂದಲೇ ತೆಗೆದುಕೊಂಡರು. ಆ ಹೊತ್ತಿಗಾಗಲೇ ಆಸ್ಟ್ರೇಲಿಯಾದಲ್ಲಿ ರಿಯಲ್ ಟೆನಿಸ್ ಬೇರೂರಿತ್ತು: ಟಾಸ್ಮೇನಿಯಾದ ಹೊಬಾರ್ಟ್‌ನಲ್ಲಿ 1875ರಲ್ಲಿ ಕಟ್ಟಿದ ಕೋರ್ಟು ಇಂದಿಗೂ ಬಳಕೆಯಲ್ಲಿದೆ. ಅದೇ ಹೊಬಾರ್ಟ್ ರಾಬ್ ಫೇಹಿಯವರ ಊರು. ಅವರು 1994ರಲ್ಲಿ ಇನ್ನೊಬ್ಬ ಆಸ್ಟ್ರೇಲಿಯನ್ ವೇಯ್ನ್ ಡೇವಿಸ್‌ರಿಂದ ವಿಶ್ವ ಚಾಂಪಿಯನ್ ಪಟ್ಟ ಗೆದ್ದು 2016ರವರೆಗೂ ಬಿಟ್ಟುಕೊಡಲಿಲ್ಲ. ಆ ವರ್ಷ ಅಮೆರಿಕದ ಕ್ಯಾಮ್ಡೆನ್ ರಿವಿಯೆರ್ ಎದುರು ಸೋತರು. 2018ರಲ್ಲಿ, ಐವತ್ತು ವರ್ಷದ ಆಸುಪಾಸಿನಲ್ಲಿ, ಪಟ್ಟವನ್ನು ಮರಳಿ ಪಡೆದರು. 2022ರಲ್ಲಿ ರಿವಿಯೆರ್ ಮತ್ತೆ ಗೆದ್ದರು. ಈ ಪಟ್ಟದ ದಾಖಲೆ ಹದಿನೆಂಟನೆಯ ಶತಮಾನದವರೆಗೆ ಹಿಂದಕ್ಕೆ ಹೋಗುತ್ತದೆ.

ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್ ಮಾತ್ರ ಬಹಳ ತಡವಾಗಿ ಬಂತು. ಅದು ಶುರುವಾದದ್ದು 1985ರಲ್ಲಿ, ಮೊದಲ ಬಾರಿ ಗೆದ್ದವರು ಆಸ್ಟ್ರೇಲಿಯಾದ ಜೂಡಿ ಕ್ಲಾರ್ಕ್. ನಮ್ಮ ಕಾಲದ ಮಹಾನ್ ಆಟಗಾರ್ತಿ ಇಂಗ್ಲೆಂಡಿನ ಕ್ಲೇರ್ ಫೇಹಿ. ವಿಗ್ರಾಸ್ ಎಂಬ ತವರು ಹೆಸರಿನಲ್ಲಿ 2011ರಲ್ಲಿ ಮೊದಲ ಸಲ ವಿಶ್ವ ಪಟ್ಟ ಗೆದ್ದ ಅವರು ಆಮೇಲೆ ಹಲವು ಸಲ ಗೆದ್ದರು, ರಾಬ್ ಫೇಹಿಯವರನ್ನು ಮದುವೆಯಾದರು. ಗಂಡ ಹೆಂಡತಿ ಇಬ್ಬರೂ ವಿಶ್ವ ಚಾಂಪಿಯನ್ನರಾದ ಮನೆ! ಇಂಥವರ ಹೆಸರನ್ನು ನಮ್ಮ ಕ್ರೀಡಾಪುಟಗಳು ಒಮ್ಮೆಯಾದರೂ ಅಚ್ಚುಹಾಕಬಾರದೇ ಎಂದು ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಮಧ್ಯಾಹ್ನದ ಮಹಿಳೆಯರ ಪಂದ್ಯ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಹೊರಗೆ ಉತ್ತರದ ಒಣಗಾಳಿ ಬೀಸುತ್ತಿತ್ತು, ಮೆಲ್ಬರ್ನ್ ಬೇಯುತ್ತಿತ್ತು. ಒಳಗೂ ಸೆಕೆ. ನಿರ್ಣಾಯಕ ಸೆಟ್ಟು ಐದು ಐದರಲ್ಲಿ ನಿಂತಿತ್ತು. ಇಲ್ಲಿ ಎರಡು ಗೇಮುಗಳ ಅಂತರ ಬೇಕಿಲ್ಲ, ಆರು ಮೊದಲು ಮುಟ್ಟಿದವರಿಗೆ ಸೆಟ್ಟು. ಸರ್ವಿಸ್ ಬದಿಯಲ್ಲಿದ್ದ ಎತ್ತರದ ಆಟಗಾರ್ತಿ ನಲವತ್ತು ಮೂವತ್ತರಲ್ಲಿ ಮುಂದಿದ್ದರು. ಎದುರಾಳಿ ಗೋಡೆಯ ಬುಡಕ್ಕೆ ಒಂದು ಚೆಂಡು ಕೊಯ್ದು ಇಳಿಸಿದರು, ಒಂದೂವರೆ ಗಜದ ಚೇಸ್. ತುಂಬ ಒಳ್ಳೆಯ ಚೇಸ್. ಇಬ್ಬರೂ ಬದಿ ಬದಲಿಸಿದರು. ಬಲೆಯ ಪಕ್ಕದಲ್ಲಿ ಹಾದುಹೋಗುವಾಗ ಒಬ್ಬರ ಮುಖವನ್ನು ಇನ್ನೊಬ್ಬರು ನೋಡಲಿಲ್ಲ.

ಈಗ ಚೇಸ್ ಹಾಕಿದವರ ಸರ್ವಿಸ್. ಚೆಂಡು ಮಾಡಿನ ಅಂಚಿನಲ್ಲೇ ಉರುಳಿ ಬಂದು ಮೂಲೆಗೆ ಇಳಿಯಿತು. ಎತ್ತರದವರು ಅದನ್ನು ಎತ್ತಿದರು, ಎರಡು ಮೂರು ಹೊಡೆತ ಆದವು. ಆಮೇಲೆ ಅವರು ಮೊಣಕಾಲು ಬಗ್ಗಿಸಿ, ಬಲೆಯ ನಡುಭಾಗ ಜೋತುಬಿದ್ದ ತಗ್ಗಿನ ಮೇಲೆ ಚೆಂಡನ್ನು ಸರಿಸಿದಂತೆ ಹೊಡೆದರು. ಕಾಯುತ್ತಿದ್ದವರು ರ‍್ಯಾಕೆಟ್ ಎತ್ತಿದವರು ಹಾಗೆಯೇ ನಿಂತರು. ಬಿಟ್ಟುಬಿಟ್ಟರು. ಎರಡನೆಯ ಪುಟಿತ ಒಂದೂವರೆ ಗಜದಿಂದ ಆಚೆ ಬೀಳುತ್ತದೆ ಎಂಬುದು ಅವರ ಅಂದಾಜು. ಚೆಂಡು ಗೋಡೆಗೆ ಮೆತ್ತಗೆ ತಾಗಿ ಕುಸಿಯಿತು. ಮಾರ್ಕರ್ ಬಾಗಿ ನೋಡಿ, ಒಂದು ಗಜಕ್ಕಿಂತ ಒಳಗೆ ಎಂದು ಕೂಗಿದರು. ಗೇಮು, ಸೆಟ್ಟು, ಪಂದ್ಯ. ಅಕ್ಕನ ಮಗಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಚೇಸ್ ಅವಳಿಗೆ ಪೂರ್ತಿ ಅರ್ಥವಾಗಿತ್ತು. ಒಂದು ಹೊಡೆತವನ್ನೂ ಹೊಡೆಯದೆ ಪಂದ್ಯ ಸೋಲಬಹುದಾದ ಆಟ ಇದು. ಅಂಥ ನಿರ್ಧಾರಕ್ಕೆ ಬೇಕಾದ ಧೈರ್ಯವನ್ನು ನಾನು ಮೆಚ್ಚುತ್ತೇನೆ, ಸೋತವರನ್ನು ಗೆದ್ದವರಷ್ಟೇ ಮೆಚ್ಚುತ್ತೇನೆ.

ಪುರುಷರ ಪಂದ್ಯ ವೇಗದ್ದು. ಡೆಡಾನ್‌ಗೆ ಗುರಿಯಿಟ್ಟ ಹೊಡೆತಗಳು ಬಲೆಗೆ ಬಡಿದಾಗಲೆಲ್ಲ ಮುಂದಿನ ಸಾಲಿನವರು ಹಿಂದಕ್ಕೆ ಸರಿಯುತ್ತಿದ್ದರು. ಅದು ಮುಗಿಯುವ ಹೊತ್ತಿಗೆ ದಕ್ಷಿಣದ ತಂಗಾಳಿ ಬಂದು ನಗರ ತಣ್ಣಗಾಗಿತ್ತು. ಪಕ್ಕದ ಕೋರ್ಟಿನಲ್ಲಿ ಕ್ಲಬ್ಬಿನ ಸದಸ್ಯರು ಆಡಲು ಇಳಿದಿದ್ದರು. ಅರವತ್ತು ದಾಟಿದ ಮಹಿಳೆಯೊಬ್ಬರು, ಎದುರಿಗೆ ಇಪ್ಪತ್ತರ ಹುಡುಗ. ಪ್ರತಿಯೊಬ್ಬ ಆಟಗಾರರಿಗೂ ಒಂದು ಹ್ಯಾಂಡಿಕ್ಯಾಪ್ ಅಂಕಿಯಿರುತ್ತದೆ, ಅದರ ವ್ಯತ್ಯಾಸಕ್ಕೆ ತಕ್ಕಂತೆ ಪ್ರತಿ ಗೇಮನ್ನೂ ಬೇರೆಬೇರೆ ಅಂಕದಿಂದ ಶುರುಮಾಡುತ್ತಾರೆ. ಆ ಹುಡುಗ ಪ್ರತಿ ಗೇಮಿನಲ್ಲೂ ಹಿಂದಿನಿಂದ ಶುರುಮಾಡಿ ಬೆವರಿಳಿಸುತ್ತಿದ್ದ. ಅವರು ನಿಂತಲ್ಲಿಯೇ ನಿಂತು ಗೋಡೆಗಳಿಂದ ಕೆಲಸ ಮಾಡಿಸುತ್ತಿದ್ದರು.

ಸಂಜೆ ವಿಕ್ಟೋರಿಯಾ ಬೀದಿಯ ವಿಯೆಟ್ನಾಮಿ ಹೋಟೆಲಿನಲ್ಲಿ ತರಕಾರಿ ಶ್ಯಾವಿಗೆಯ ಸಾರು ಕುಡಿಯುತ್ತಾ ಅಕ್ಕನ ಮಗಳು ಪಾಠದ ವಿಷಯ ತೆಗೆದಳು. ಚೆಂಡು ಹೊಲಿದು ತೋರಿಸಿದವರು ಹೊಸಬರಿಗೂ ಕಲಿಸುತ್ತೇವೆ ಎಂದಿದ್ದರು. ಜನವರಿಯಲ್ಲಿ ಮೆಲ್ಬರ್ನ್‌ಗೆ ಬರುವ ಕನ್ನಡಿಗರು ಮೆಲ್ಬರ್ನ್ ಪಾರ್ಕಿನಿಂದ ಒಂದು ದಿನ ಬಿಡುವು ಮಾಡಿಕೊಂಡು, ಆ ವರ್ಷದ ಪಂದ್ಯಗಳು ಎಲ್ಲಿವೆ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ ನೋಡಲಿ. ಬಲ್ಲಾರಟ್‌ನಲ್ಲಿಯೂ ಒಂದು ಕೋರ್ಟಿದೆ, ಸದರ್ನ್ ಕ್ರಾಸ್ ನಿಲ್ದಾಣದಿಂದ ನೇರ ರೈಲು ಸಿಗುತ್ತದೆ. ನಾವು ಆ ವಾರವೇ ಅಲ್ಲಿಗೆ ಹೋಗಲು ನಿರ್ಧರಿಸಿದೆವು, ಈ ಬಾರಿ ಅಕ್ಕ ಭಾವನನ್ನೂ ಕರೆದುಕೊಂಡು.