ಮಿತಿ ಮೀರಿದೆ ಎಂದರೆ ಯಾವ ಮಿತಿ?

ತರಕಾರಿಯಲ್ಲಿ ಕೀಟನಾಶಕದ ಉಳಿಕೆ ಮಿತಿ ಮೀರಿದೆ ಎಂಬ ಸುದ್ದಿ ಕಂಡಾಗಲೆಲ್ಲ ನಾನು ಮೊದಲು ಹುಡುಕುವುದು, ಮೀರಿದ್ದು ಯಾವ ಮಿತಿ ಎಂಬುದನ್ನು. ಬಹುತೇಕ ವರದಿಗಳು ಅದನ್ನು ಹೇಳುವ ಗೋಜಿಗೇ ಹೋಗುವುದಿಲ್ಲ.

ಒಂದು ಮಿತಿ ತಿನ್ನುವವರ ದೇಹಕ್ಕೆ ಸಂಬಂಧಿಸಿದ್ದು. ಪ್ರಯೋಗಾಲಯದ ಪ್ರಾಣಿಗಳಿಗೆ ರಾಸಾಯನಿಕವನ್ನು ದೀರ್ಘಕಾಲ ಉಣಿಸಿ, ಎಷ್ಟರವರೆಗೆ ಯಾವ ದುಷ್ಪರಿಣಾಮವೂ ಕಾಣಲಿಲ್ಲ ಎಂಬುದನ್ನು ಗುರುತಿಸುತ್ತಾರೆ. ಅದು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕಾಗಿ ಹತ್ತರಿಂದಲೂ, ಮನುಷ್ಯರಲ್ಲೇ ಇರುವ ವ್ಯತ್ಯಾಸಕ್ಕಾಗಿ ಮತ್ತೆ ಹತ್ತರಿಂದಲೂ ಭಾಗಿಸಿದರೆ ಉಳಿಯುವುದು 0.1; ಅಂದರೆ 60 ಕಿಲೋ ತೂಗುವವರಿಗೆ ದಿನಕ್ಕೆ 6 ಮಿಲಿಗ್ರಾಂ. ಈ ನೂರು ಎಂಬುದು ಪ್ರಕೃತಿ ನಿಯಮವೇನಲ್ಲ, 1950ರ ದಶಕದಲ್ಲಿ ರೂಢಿಗೆ ಬಂದ ಎಚ್ಚರಿಕೆಯ ಅಂದಾಜು.

ಸುದ್ದಿಯಲ್ಲಿ ಬರುವ ಗರಿಷ್ಠ ಉಳಿಕೆ ಮಿತಿ ಇದಲ್ಲ. ಲೇಬಲ್ಲಿನಲ್ಲಿ ಹೇಳಿದಷ್ಟೇ ಸಿಂಪಡಿಸಿ, ಹೇಳಿದಷ್ಟು ದಿನ ಕಾದು ಕೊಯ್ದರೆ ಫಸಲಿನಲ್ಲಿ ಎಷ್ಟು ಉಳಿಯುತ್ತದೆ ಎಂದು ಹೊಲದಲ್ಲೇ ಅಳೆದು, ಅಷ್ಟನ್ನು ತಿಂದರೂ ದೇಹದ ಮಿತಿ ದಾಟುವುದಿಲ್ಲವೆಂದು ಖಚಿತಪಡಿಸಿಕೊಂಡು ಅದನ್ನು ನಿಗದಿ ಮಾಡುತ್ತಾರೆ. ಹಾಗಾಗಿ ಅದನ್ನು ಮೀರಿದ ಮಾದರಿ ಮೊದಲು ಬೊಟ್ಟು ಮಾಡುವುದು ಸಿಂಪಡಣೆಯ ಕಡೆಗೆ. ತಿಂದವರಿಗೆ ಅಪಾಯವಿದೆಯೇ ಎಂಬುದನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು.

ಪಶು ಔಷಧಿಯಲ್ಲಿ ಇದೇ ಲೆಕ್ಕ ಕೊಟ್ಟಿಗೆಗೆ ಬರುತ್ತದೆ. ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಟ್ಯೂಬನ್ನು ಮೊಲೆಯೊಳಗೆ ಹಿಂಡಿದ ಮೇಲೆ, ಲೇಬಲ್ಲಿನಲ್ಲಿರುವ ಅವಧಿ ಮುಗಿಯುವವರೆಗೆ ಆ ಹಸುವಿನ ಹಾಲನ್ನು ಚೆಲ್ಲಬೇಕು. ಒಂದು ಹಸುವಿನ ಹಾಲು ತಪ್ಪಿ ಬೆರೆತರೂ ಇಡೀ ಟ್ಯಾಂಕು ಕೆಡಬಹುದು. ವರ್ಷಗಟ್ಟಲೆಯ ಪರೀಕ್ಷೆಗಳ ಭಾರವೆಲ್ಲ ಕೊನೆಗೆ, ನಸುಕಿನಲ್ಲಿ ಬಕೆಟ್ ಹಿಡಿದು ನಿಂತವರ ನೆನಪಿನ ಮೇಲೆ ಬೀಳುತ್ತದೆ ಎಂಬುದು ನನಗೆ ಸದಾ ಕಳವಳದ ಸಂಗತಿ.

ಇಷ್ಟೆಲ್ಲ ಲೆಕ್ಕದಲ್ಲಿ ಸತ್ತ ದನವನ್ನು ತಿನ್ನುವ ಹದ್ದಿಗೆ ಮಾತ್ರ ಜಾಗವಿರಲಿಲ್ಲ. ದಕ್ಷಿಣ ಏಷ್ಯಾದಲ್ಲಿ ರಣಹದ್ದುಗಳು ಗುಂಪುಗುಂಪಾಗಿ ಅಳಿದದ್ದಕ್ಕೆ ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೋಫೆನಾಕ್ ಕಾರಣವೆಂದು 2004ರಲ್ಲಿ ತಿಳಿಯಿತು. ಕಳೇಬರದಲ್ಲಿ ಉಳಿದ ಔಷಧಿ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2006ರಲ್ಲಿ ಭಾರತ ಅದರ ಪಶು ಬಳಕೆಯನ್ನು ನಿಷೇಧಿಸಿತು, ಮೆಲೋಕ್ಸಿಕಾಮ್ ಎಂಬ ಸುರಕ್ಷಿತ ಬದಲಿಯೂ ಸಿಕ್ಕಿತು. ಆದರೆ ಮನುಷ್ಯರಿಗೆಂದು ತಯಾರಾದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. ಕೊನೆಗೆ 2015ರಲ್ಲಿ, ಮನುಷ್ಯರ ಆ ಚುಚ್ಚುಮದ್ದನ್ನು ಒಂದೇ ಡೋಸಿನ ಪುಟ್ಟ ಬಾಟಲಿಯಲ್ಲಷ್ಟೇ ಮಾರಬೇಕೆಂಬ ನಿಯಮ ಮಾಡಬೇಕಾಯಿತು.