ಚಿನ್ನ ಬೆಳ್ಳಿ ಬಿಟ್ಟು ಕಂಚಿನ ಚಿಲ್ಲರೆ ಯಾಕೆ ಅಂದ್ರೆ

ನಾನು ಕೂಡಿಟ್ಟ ಹಳೇ ನಾಣ್ಯಗಳ ಡಬ್ಬಿ ತೆಗೆದು ತೋರಿಸಿದ ಕೂಡ್ಲೇ ಎಲ್ಲರೂ ಕೇಳೋದು ಒಂದೇ, "ರೋಮನ್ನರ ಕಾಲದ್ದು ಅಂತೀರಾ, ಚಿನ್ನ ಬೆಳ್ಳಿ ಬಿಟ್ಟು ಈ ಹಸಿರು ಹಿಡಿದ ಚಿಲ್ಲರೆ ಯಾಕ್ರೀ?" ಅಷ್ಟು ದುಡ್ಡಿಲ್ಲ ಅನ್ನೋದು ಅರ್ಧ ಉತ್ತರ, ಮುಚ್ಚಿಡೋದೇನಿಲ್ಲ. ಇನ್ನರ್ಧ ಏನಂದ್ರೆ ಸಂತೇಲಿ ಜನಸಾಮಾನ್ಯರ ಕೈಯಲ್ಲಿ ಓಡಾಡಿದ್ದು ಕಂಚು, ಅದಕ್ಕೇ ಚಕ್ರವರ್ತಿಗಳು ಇದರ ಬೆನ್ನ ಮೇಲೂ ಬೇಕಾದಷ್ಟು ಬಡಾಯಿ ಕೊಚ್ಕೊಂಡಿದಾರೆ, ಆ ಬಡಾಯಿ ಎಷ್ಟು ನಿಜ ಅಂತ ಅದೇ ಕಾಸಿನ ತೂಕ ಹೇಳ್ಬಿಡತ್ತೆ.

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ್ದು, ಕ್ರಿ.ಶ. 330ರ ದಶಕದ "ಗ್ಲೋರಿಯಾ ಎಕ್ಸರ್ಸಿಟಸ್" ಅಂತ ಬರೆದಿರೋ ಕಾಸು ನೋಡಿ, ಸೈನ್ಯದ ಕೀರ್ತಿ ಅಂತ ಅರ್ಥ. ಇಬ್ಬರು ಸೈನಿಕರು ಈಟಿ ಗುರಾಣಿ ಹಿಡ್ಕೊಂಡು ಎದುರುಬದುರು ನಿಂತಿದಾರೆ, ನಡುವೆ ಎರಡು ಧ್ವಜದಂಡ. ಕೆಲವೇ ವರ್ಷದಲ್ಲಿ ಕಾಸು ಸುಮಾರು 2.5 ಗ್ರಾಂನಿಂದ 1.5 ಗ್ರಾಂ ಹತ್ರಕ್ಕೆ ಇಳೀತು, ಧ್ವಜಾನೂ ಒಂದಕ್ಕೆ ಇಳೀತು. ಕೀರ್ತಿ ಮಾತ್ರ ಒಂಚೂರೂ ಕಮ್ಮಿ ಆಗ್ಲಿಲ್ಲ!

348ರಲ್ಲಿ ಇನ್ನೊಂದು ಬಂತು, "ಫೆಲ್ ಟೆಂಪ್ ರೆಪರಾಷಿಯೋ", ಒಳ್ಳೇ ಕಾಲ ವಾಪಸ್ ಬಂತು ಅನ್ನೋ ಘೋಷಣೆ. ಚಿತ್ರ ನೋಡಿದ್ರೆ ಕುದುರೆ ಮುಗ್ಗರಿಸ್ತಿದೆ, ಸವಾರ ಹಿಂದಕ್ಕೆ ತಿರುಗಿ ಕೈ ಚಾಚಿ ಬೇಡ್ಕೊಳ್ಳೋ ಥರ ಇದಾನೆ, ರೋಮನ್ ಸೈನಿಕ ಅವನಿಗೇ ಈಟಿ ಇಳಿಸ್ತಿದಾನೆ. ಒಳ್ಳೇ ಕಾಲ ಯಾರಿಗಪ್ಪಾ? ಅದೂ ಹತ್ತು ಹನ್ನೆರಡು ವರ್ಷದೊಳಗೆ ಈ ಕಾಸೂ ಉಗುರಿನಷ್ಟಾಯ್ತು.

ನಂಗೆ ತುಂಬಾ ಇಷ್ಟ "ಉರ್ಬ್ಸ್ ರೋಮಾ", ಅಂದ್ರೆ ರೋಮ್ ನಗರ ಅಂತ ಬರೆದಿರೋ ಕಾಸು. ಚಕ್ರವರ್ತಿ ಮುಖಾನೇ ಇಲ್ಲ, ಒಂದು ಕಡೆ ಶಿರಸ್ತ್ರಾಣ ಹಾಕಿದ ರೋಮಾ ದೇವತೆ, ಇನ್ನೊಂದು ಕಡೆ ತೋಳ, ಕತ್ತು ಹಿಂದಕ್ಕೆ ಹೊರಳಿಸಿ ಹಾಲು ಕುಡೀತಿರೋ, ರೋಮ್ ಹುಟ್ಟಿದ ಕಥೇಲಿ ಬರೋ ಅವಳಿ ಮಕ್ಕಳನ್ನ ನೋಡ್ತಿದೆ, ಮೇಲೆ ಎರಡು ನಕ್ಷತ್ರ. 330ರಲ್ಲಿ ಕಾನ್‌ಸ್ಟಾಂಟಿನೋಪಲ್ ಹೊಸ ರಾಜಧಾನಿ ಆಯ್ತಲ್ಲ, ಆ ಊರಿಗೊಂದು ಕಾಸು ಹಾಕಿದಾಗ ಹಳೇ ಊರಿಗೂ ಒಂದು ಹಾಕಿದ್ರು. ಸಮಾಧಾನ ಮಾಡೋಕೆ ಅಂತ ನನ್ನ ಅನುಮಾನ.

ನಮ್ ಕಡೆ ರೋಮನ್ ಕಾಸು ಸಿಗತ್ತಾ ಅಂತಾನೂ ಕೇಳ್ತಾರೆ. ಚಂದ್ರವಳ್ಳಿ, ಯಶವಂತಪುರದಲ್ಲಿ ಸಿಕ್ಕಿದ್ದು ಬೆಳ್ಳಿ, ಅಕ್ಕಿಆಲೂರಲ್ಲಿ ಚಿನ್ನ. ಈ ಕಂಚು ಬೇಕಂದ್ರೆ ಕರೂರು, ಮದುರೈ ಕಡೆ, ಶ್ರೀಲಂಕಾದಲ್ಲಂತೂ ಸಾವಿರಗಟ್ಟಲೆ ಸಿಕ್ಕಿದೆ, ಸಾಲದ್ದಕ್ಕೆ ಅಲ್ಲಿಯವರೇ ಅದರ ನಕಲು ಕಾಸು ಬೇರೆ ಮಾಡ್ಕೊಂಡಿದ್ರು.